ನಮ್ಮ ಯಜಮಾನ್ರಿಗೆ, 10 ಇಂಚು ಮಣ್ಣಿನ ಲೆಕ್ಕದಲ್ಲಿ

ಹಾಸನದ ನಮ್ಮ ಬೇಸ್‌ಬಾಲ್ ಹುಡುಗರ ಮೊದಲ ವರ್ಷದ ಆಟ ಮೊನ್ನೆ ಭಾನುವಾರ ಮುಗಿಯಿತು. ಜಾಗ ಸಿಕ್ಕಿದ್ದು, ಕೈತಪ್ಪಿದ್ದು, ಮತ್ತೆ ಸಿಕ್ಕಿದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಕೆದಕುವುದಿಲ್ಲ. ಟ್ರ್ಯಾಕ್ಟರ್ ಕೊಟ್ಟವರಿಗೆ, ಸಕಲೇಶಪುರದಿಂದ ಕಾಫಿ ಕಣದ ಟಾರ್ಪಾಲು ಕಳಿಸಿದವರಿಗೆ, ಗ್ಲೌಸ್ ಎರವಲು ಕೊಟ್ಟ ಸಾಫ್ಟ್‌ಬಾಲ್ ಹೆಣ್ಣುಮಕ್ಕಳಿಗೆ, ಬೆಳಗ್ಗೆ ಬೆಳಗ್ಗೆ ಅಕ್ಕಿರೊಟ್ಟಿ ಕಟ್ಟಿಕೊಟ್ಟ ತಾಯಂದಿರಿಗೆ ನಮಸ್ಕಾರ.

ಉಳಿದದ್ದೆಲ್ಲ ಮೈದಾನ ನೋಡಿಕೊಳ್ಳುವ ಯಜಮಾನ್ರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಪಿಚರ್, ಅಂದರೆ ಚೆಂಡು ಎಸೆಯುವವನು, ನಿಂತು ಎಸೆಯುವ ದಿಬ್ಬ ಕಣ್ಣಂದಾಜಿಗೆ ಬಗ್ಗುವುದಿಲ್ಲ. 18 ಅಡಿ ಅಡ್ಡಗಲದ ವೃತ್ತ. ಮೇಲೆ 24 ಇಂಚು ಉದ್ದ, 6 ಇಂಚು ಅಗಲದ ರಬ್ಬರ್ ಪಟ್ಟಿ. ಬ್ಯಾಟು ಹಿಡಿದವನ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟಿನಿಂದ ಅದು 60 ಅಡಿ 6 ಇಂಚು ದೂರ, ಪ್ಲೇಟಿಗಿಂತ 10 ಇಂಚು ಎತ್ತರ. ಪಟ್ಟಿಯ ಮುಂದೆ 6 ಇಂಚು ಮಟ್ಟ ಬಿಟ್ಟು ಅಡಿಗೆ ಒಂದು ಇಂಚಿನಂತೆ ಇಳಿಜಾರು. ಅಮೆರಿಕದ ಮೇಜರ್ ಲೀಗಿನಲ್ಲಿ 1968ರವರೆಗೆ ಈ ಎತ್ತರ 15 ಇಂಚಿತ್ತು. ಆ ವರ್ಷ ಅಲ್ಲಿನ ಪಿಚರ್ ಬಾಬ್ ಗಿಬ್ಸನ್, ಫೀಲ್ಡರುಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ, 9 ಇನಿಂಗ್ಸಿಗೆ 1.12ರ ಸರಾಸರಿಯಲ್ಲಷ್ಟೇ ರನ್ ಬಿಟ್ಟುಕೊಟ್ಟರು, ಬ್ಯಾಟು ಹಿಡಿದವರು ಎಲ್ಲೆಡೆ ಒದ್ದಾಡಿದರು. 1969ಕ್ಕೆ ದಿಬ್ಬ ತಗ್ಗಿಸಿದರು. 5 ಇಂಚು ಮಣ್ಣಿಗೆ ಅಷ್ಟು ಬೆಲೆ.

ಯಜಮಾನ್ರು ಈ ಆಟ ಕಂಡವರೇ ಅಲ್ಲ. ಆದರೆ ಕ್ರಿಕೆಟ್ ಪಿಚ್ಚಿಗೆ ಕೆರೆಗೋಡು ಹದ ಮಾಡಿ ಪಳಗಿದ ಕೈ. ನಾವು ಒಂದೇ ಸಲಕ್ಕೆ ಸುರಿದ 4 ಇಂಚು ಮಣ್ಣನ್ನು ಪೂರ್ತಿ ಅಗೆಸಿ ತೆಗೆಸಿದರು. ಒಂದಿಂಚು ಹರವು, ನೀರು ಚಿಮುಕಿಸು, ದಮ್ಮಸು ಹೊಡಿ, ಮೈ ಕೆರೆ, ಆಮೇಲೆ ಮುಂದಿನ ಇಂಚು. ಕೆರೆಯದೆ ಹಾಕಿದರೆ ಪದರಗಳು ಅಂಟುವುದಿಲ್ಲ, ಬೂಟಿನ ಸ್ಪೈಕ್ಸ್ ತಾಗಿದೊಡನೆ ಕಾವಲಿಯಿಂದ ರೊಟ್ಟಿ ಎದ್ದ ಹಾಗೆ ಎದ್ದು ಬರುತ್ತವೆ.

ಮುಂಗಾಲು ಬೀಳುವುದು ಪಟ್ಟಿಯಿಂದ ಸುಮಾರು ಐದಡಿ ಮುಂದೆ. ಬೇಗ ಗುಂಡಿ ಬೀಳುವುದೂ ಅಲ್ಲೇ. ಕಾಲು ಜಾರಿದರೆ ಎಸೆತದ ಲಯ ಕೆಟ್ಟು ಭಾರವೆಲ್ಲ ಭುಜಕ್ಕೆ, ಮೊಣಕೈಗೆ. ಅಮೆರಿಕದ ಪಿಚರ್ ಟಾಮಿ ಜಾನ್ 1974ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 1976ರಲ್ಲಿ ಮರಳುವ ತನಕ, ಮೊಣಕೈಯ ಎಲುಬುಗಳನ್ನು ಬಿಗಿಹಿಡಿಯುವ ಲಿಗಮೆಂಟ್ ಹರಿಯಿತೆಂದರೆ ಪಿಚರ್‌ನ ವೃತ್ತಿ ಬಹುಪಾಲು ಮುಗಿದಂತೆಯೇ. ಕಾಲು ಬೀಳುವ ಆ ಜಾಗಕ್ಕೆ ಯಜಮಾನ್ರು ಸುಡದ ಹಸಿ ಇಟ್ಟಿಗೆ ತರಿಸಿ ಒತ್ತೊತ್ತಾಗಿ ಜೋಡಿಸಿದರು. ಅಮೆರಿಕದ ದೊಡ್ಡ ಮೈದಾನಗಳಲ್ಲೂ ಹಸಿ ಇಟ್ಟಿಗೆಯನ್ನೇ ಕೂರಿಸುತ್ತಾರೆಂದು ಅವರಿಗೆ ಹೇಳಿದವರಿಲ್ಲ.

ಇನ್ನು ಆ ಮಳೆಯ ರಾತ್ರಿ. ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ನಾವೆಲ್ಲ ಮನೆ ಸೇರಿದ್ದೆವು. ಮೂಲೆಗಷ್ಟೇ ಭಾರ ಇಟ್ಟರೆ ಗಾಳಿ ಅಂಚಿನ ನಡುವೆ ನುಗ್ಗುತ್ತದೆ, ನುಗ್ಗಿತು. ಅವರು ಫೋನ್ ಮಾಡಿದರು, ನಾವು ಒಬ್ಬರೂ ಎತ್ತಲಿಲ್ಲ. ಒಬ್ಬರೇ ಗುದ್ದಲಿ ಹಿಡಿದು, ನೀರು ಹರಿದು ಬರುವ ಕಡೆ ಅರ್ಧ ಸುತ್ತು ಕಾಲುವೆ ತೋಡಿದರು. ಅಂಚಿನುದ್ದಕ್ಕೂ ಮರಳಿನ ಚೀಲ ಎಳೆದು ಹಾಕಿ, ಬೆಳಗಾಗುವವರೆಗೆ ಅಲ್ಲೇ ಕೂತರು. ಬಿಸಿಲು ಬೀಳುವ ಮೊದಲೇ ಟಾರ್ಪಾಲು ತೆಗೆದರು, ಇಲ್ಲದಿದ್ದರೆ ಒಳಗೆ ಬೆವರಿ ಮಣ್ಣು ಮೆತ್ತಗಾಗುತ್ತದೆ. ಮೇಲಿನ ಲೋಳೆ ಕೆರೆದು ತೆಗೆದರು, ಒಣಮಣ್ಣು ಎರಚಿ ಮುಚ್ಚಲಿಲ್ಲ. ನಾವು ಏಳು ಗಂಟೆಗೆ ಹೋದಾಗ ಬರಿಗಾಲಲ್ಲಿ ಕೂತು ಹಲಗೆಯ ಮೇಲೆ ರಸಮಟ್ಟ ಇಟ್ಟು ಇಳಿಜಾರು ನೋಡುತ್ತಿದ್ದರು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹುಡುಗ್ರು ಬಂದ್ರಾ, ಕಾಫಿ ಕುಡ್ದ್ರಾ?" ಅಂದರು, ಅಷ್ಟೇ. ತಪ್ಪಾಯ್ತು ಯಜಮಾನ್ರೇ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಈ ಮಳೆಗಾಲಕ್ಕೆ ಪಾಳಿ ಹಾಕಿದ್ದೇವೆ, ರಾತ್ರಿಗೆ ಇಬ್ಬರಂತೆ. ಪಾಳಿಯ ಪಟ್ಟಿಯಲ್ಲಿ ಯಜಮಾನ್ರ ಹೆಸರಿಲ್ಲ. ಅದಕ್ಕೀಗ ಮುನಿಸಿಕೊಂಡಿದ್ದಾರೆ.