ಮಾವ ಮೊಬೈಲ್‌ನಲ್ಲಿ ನೋಡಿದ ಅಂಕೆ

ಹ್ಯಾಂಬರ್ಗ್
ಆಗಸ್ಟ್ 2025

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅವ್ವನ ಮಂಡಿನೋವು ಇಳಿದಿದೆ ಎಂದು ತಮ್ಮ ಹೇಳಿದ. ಇಳಿದಿದೆ ಎಂದು ಮಾತ್ರೆ ಬಿಡುವುದು ಬೇಡ.

ಚಳ್ಳಕೆರೆಯ ಮದುವೆಯಲ್ಲಿ ಸೋದರಮಾವ ಊಟದ ಪಂಕ್ತಿಯಲ್ಲೇ ಮೊಬೈಲ್ ತೆಗೆದು, "ಇವಳ ಎಚ್-ಇಂಡೆಕ್ಸ್ ಬರೀ ಹದಿನಾಲ್ಕು, ನಮ್ಮ ಬೀಗರ ಮಗನದು ಮೂವತ್ತು ದಾಟಿದೆ" ಎಂದು ಎಲ್ಲರಿಗೂ ಕೇಳುವಂತೆ ಓದಿದರಂತೆ. ಆಮೇಲೆ ನೀವು ಫೋನಿನಲ್ಲಿ "ಕಡಿಮೆಯೇನಮ್ಮಾ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಬರೆದೇ ತಿಳಿಸುತ್ತೇನೆ, ಮಾವನಿಗೂ ಓದಿಸಿ.

ಒಬ್ಬರು ಸಂಶೋಧನಾ ಲೇಖನ ಬರೆಯುವಾಗ ಇನ್ನೊಬ್ಬರ ಕೆಲಸವನ್ನು ನೆಚ್ಚಿಕೊಂಡರೆ ಅವರ ಹೆಸರು ಹೇಳಲೇಬೇಕು. ಹಾಗೆ ಹೇಳಿದ್ದು ಒಂದು ಉಲ್ಲೇಖ. ತಲಾ ಹದಿನಾಲ್ಕು ಬಾರಿಯಾದರೂ ಉಲ್ಲೇಖಗೊಂಡ ಹದಿನಾಲ್ಕು ಲೇಖನ ನನ್ನವಿವೆ, ಎಚ್-ಇಂಡೆಕ್ಸ್ ಹದಿನಾಲ್ಕು ಎಂದರೆ ಅಷ್ಟೇ ಅರ್ಥ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಹೂಡಿದ ಲೆಕ್ಕವಿದು. ನಾನಿರುವುದು ಹವಾಮಾನ ಸಂಶೋಧನೆಯಲ್ಲಿ, ಬೀಗರ ಮಗ ಇರುವುದು ವೈದ್ಯಕೀಯ ಸಂಶೋಧನೆಯಲ್ಲಿ. ಅಲ್ಲಿ ಬರೆಯುವವರೂ ಹೆಚ್ಚು, ಉಲ್ಲೇಖಿಸುವವರೂ ಹೆಚ್ಚು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು. ಜೊತೆಗೆ ಮದುವೆಯ ಮುಯ್ಯಿಯಂತೆ ನೀನು ನನ್ನದು ಬರೆ, ನಾನು ನಿನ್ನದು ಬರೆಯುತ್ತೇನೆ ಎನ್ನುವ ಗುಂಪುಗಳೂ ಉಂಟು. (ಇದನ್ನು ಮಾವನಿಗೆ ಸ್ವಲ್ಪ ಗಟ್ಟಿಯಾಗಿ ಓದಿ.)

ನಮ್ಮ ಕ್ಷೇತ್ರದಲ್ಲೂ ಅಂಕೆ ಎಲ್ಲರಿಗೂ ಒಂದೇ ರೀತಿ ಬೆಳೆಯುವುದಿಲ್ಲ. ಎಲ್ಲರೂ ಬಳಸುವ ದತ್ತಾಂಶ ಸಿದ್ಧಪಡಿಸಿದವರ ಲೇಖನವನ್ನು ಬಳಸಿದವರೆಲ್ಲ ಹೆಸರಿಸಲೇಬೇಕು. ಇಡೀ ಭೂಮಿಯ ಹಳೆಯ ಹವಾಮಾನವನ್ನು ಗಂಟೆಗಂಟೆಗೆ ಮರುಜೋಡಿಸಿದ ಇಆರ್‌ಎ5 ಎಂಬ ದತ್ತಾಂಶವೊಂದಿದೆ. ಅದನ್ನು ವಿವರಿಸುವ 2020ರ ಲೇಖನದ ಉಲ್ಲೇಖ ಆಗಲೇ ಹತ್ತು ಸಾವಿರ ದಾಟಿದೆ. ನಾನೂ ಅದನ್ನು ಹೆಸರಿಸಿದವಳೇ. ಹಾಗೆಂದು ಎಲ್ಲವೂ ಪೊಳ್ಳಲ್ಲ. ಸ್ಯುಕುರೊ ಮನಾಬೆ ಎಂಬ ಹವಾಮಾನ ವಿಜ್ಞಾನಿ 1967ರಲ್ಲಿ ವೆದರಾಲ್ಡ್ ಜೊತೆ ಗಾಳಿಯ ಒಂದೇ ಒಂದು ಕಂಬವನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ, ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ನೆಲ ಸುಮಾರು 2.3 ಡಿಗ್ರಿ ಕಾಯುತ್ತದೆ, ಎತ್ತರದಲ್ಲಿರುವ ಸ್ತರಗೋಳವೆಂಬ ಗಾಳಿಯ ಪದರ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕಿದರು. ಆ ಲೇಖನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಮನಾಬೆಗೆ ನೊಬೆಲ್ ಬಂದಿದ್ದು 2021ರಲ್ಲಿ, ಅವರಿಗೆ ತೊಂಬತ್ತು ತುಂಬಿದಾಗ. ಅದೇ ವರ್ಷ ಅದನ್ನು ಹಂಚಿಕೊಂಡ ಹಾಸೆಲ್‌ಮನ್ ಇದೇ ಹ್ಯಾಂಬರ್ಗ್‌ನವರು.

ಇನ್ನು ನನ್ನ ಕೆಲಸ. ಹವಾಮಾನ ಮಾದರಿ ಎಂದರೆ ಕಂಪ್ಯೂಟರಿನಲ್ಲಿ ನಡೆಸುವ ಹವಾಮಾನದ ಲೆಕ್ಕ. ಅದು ಭೂಮಿಯನ್ನು ಚೌಕಗಳಾಗಿ ಕತ್ತರಿಸುತ್ತದೆ. ಚೌಕ ನೂರು ಕಿಲೋಮೀಟರಿನದಾದರೆ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಮೂರಕ್ಕೂ ಒಂದೇ ಮಳೆ. ಪಶ್ಚಿಮ ಘಟ್ಟದ ಎತ್ತರವನ್ನೂ ಚೌಕದೊಳಗೆ ಸರಾಸರಿ ಮಾಡುವುದರಿಂದ ಘಟ್ಟ ಹೋಗಿ ದಿಬ್ಬವಾಗುತ್ತದೆ. ದಿಬ್ಬ ಮೋಡವನ್ನು ತಡೆಯುವುದೆಲ್ಲಿ? ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಆಗುಂಬೆಗೆ ಕಡಿಮೆ ಬೀಳುತ್ತದೆ, ಐನೂರರ ಆಸುಪಾಸಿನ ನಮ್ಮ ಸೀಮೆಗೆ ಇಲ್ಲದ ಮಳೆ ಬರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಹೊಲ ಹಸಿರಾಗಿದ್ದನ್ನು ಕಂಡು ಒಬ್ಬಳೇ ನಕ್ಕಿದ್ದೇನೆ. ಚೌಕದ ಅಗಲವನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ, ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಲೆಕ್ಕ ಸುಮಾರು ಎಂಟು ಪಟ್ಟಾಗುತ್ತದೆ. ಹೀಗಾಗಿ ಕೆಲವೇ ಕಿಲೋಮೀಟರಿನ ಚೌಕಕ್ಕೆ ದೈತ್ಯ ಯಂತ್ರಗಳೇ ಬೇಕು. ನಾನು ಆ ಸಣ್ಣ ಚೌಕಗಳಲ್ಲಿ ಮಳೆನೆರಳಿನ ಸೀಮೆಯನ್ನು, ಅಂದರೆ ಘಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವ ನಮ್ಮಂಥ ಸೀಮೆಯನ್ನು ನೋಡುತ್ತೇನೆ. ಈ ಸೀಮೆಯ ಬಗ್ಗೆ ಬರೆಯುವವರು ಬೆರಳೆಣಿಕೆಯಷ್ಟು ಜನ, ಉಲ್ಲೇಖಿಸುವವರೂ ಅಷ್ಟೇ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, 1933ರ ನಂತರ ಇದೇ ಮೊದಲು ಎಂದು ಊರಿಗೆ ಊರೇ ನೋಡಲು ಹೋಗಿತ್ತು. ಇನ್ನು ಮುಂದೆ ನಮಗೆ ಮಳೆ ಹೆಚ್ಚೇ ಎಂದು ನೀವು ಆಗ ಕೇಳಿದ್ದಿರಿ. ಒಂದು ವರ್ಷದ ಕೋಡಿಯಿಂದ ಅದನ್ನು ಹೇಳಲಾಗದು. ಹೇಳಲು ಏನೇನು ಬೇಕೋ ಅದನ್ನೇ ಇಲ್ಲಿ ಮಾಡುತ್ತಿರುವುದು.

ಕಳೆದ ತಿಂಗಳು ಸುಲೋಚನಾ ಗಾಡ್ಗೀಳ್ ತೀರಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮುಂಗಾರಿನ ವಿಜ್ಞಾನಿ. ಸಮಭಾಜಕದ ಕಡಲಿನಲ್ಲಿ ಹುಟ್ಟಿದ ಮೋಡದ ಪಟ್ಟಿಗಳು ಉತ್ತರಕ್ಕೆ ಸರಿದು ಬರುವುದನ್ನು ಉಪಗ್ರಹ ಚಿತ್ರಗಳಿಂದ ತೋರಿಸಿದ, ಸಿಕ್ಕಾ ಎಂಬ ವಿಜ್ಞಾನಿಯೊಂದಿಗೆ ಅವರು ಬರೆದ 1980ರ ಲೇಖನವನ್ನು ಮುಂಗಾರಿನ ಬಗ್ಗೆ ಬರೆಯುವವರು ಇಂದಿಗೂ ಬಿಡುವುದಿಲ್ಲ. ಆದರೆ ನನಗೆ ಅವರು ಹತ್ತಿರವಾದದ್ದು ಇನ್ನೊಂದು ಕೆಲಸದಿಂದ. ನಮ್ಮ ಪಕ್ಕದ ಅನಂತಪುರ ಸೀಮೆಯಲ್ಲಿ ಮಳೆ ನಂಬಿದ ಶೇಂಗಾವನ್ನು ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಎಂದು ರೈತರನ್ನೇ ಜೊತೆಗೆ ಕೂರಿಸಿಕೊಂಡು ಲೆಕ್ಕ ಹಾಕಿದರು. ಅದನ್ನು ನೋಡಿ ಬಿತ್ತುವ ರೈತ ಯಾವ ಪತ್ರಿಕೆಗೂ ಲೇಖನ ಬರೆಯುವುದಿಲ್ಲ, ಮಾವನ ಮೊಬೈಲಿನಲ್ಲಿ ಅವನ ಲೆಕ್ಕ ಕಾಣುವುದೂ ಇಲ್ಲ.

ಹಾಗಾಗಿ ಹದಿನಾಲ್ಕು ಕಡಿಮೆಯೇ ಎಂದರೆ, ನನ್ನ ವಯಸ್ಸಿಗೆ, ನನ್ನ ವಿಷಯಕ್ಕೆ ಕಡಿಮೆಯಲ್ಲ. ಹೆಚ್ಚಾದರೆ ಬೇಡ ಎನ್ನುವಷ್ಟು ವೈರಾಗ್ಯವೂ ನನಗಿಲ್ಲ. ಕಾಯಂ ಹುದ್ದೆಗೆ ಅರ್ಜಿ ಹಾಕಿದರೆ ಆಯ್ಕೆ ಸಮಿತಿಯವರೂ ಮೊದಲು ಅದನ್ನೇ ನೋಡುತ್ತಾರೆ.

ನೀವು ಬಿತ್ತಿದ ದಿನ, ಹದವಾದ ಮಳೆ ಬಿದ್ದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಲ್ಲ, ಜೂನ್‌ನಿಂದ ಇಲ್ಲಿಯವರೆಗಿನ ಹಾಳೆಗಳ ಫೋಟೊ ತೆಗೆದು ಕಳಿಸಲು ತಮ್ಮನಿಗೆ ಹೇಳಿ. ಮಾದರಿ ಕೊಟ್ಟ ಮಳೆಯ ದಿನಗಳ ಪಕ್ಕದಲ್ಲಿಟ್ಟು ನೋಡಬೇಕು. ದೀಪಾವಳಿಗೆ ರಜೆ ಇಲ್ಲ, ಸಂಕ್ರಾಂತಿಗೆ ಬರಲು ನೋಡುತ್ತೇನೆ.

ನಿಮ್ಮ ಮಗಳು