ಆರೋಗ್ಯ ಮಂತ್ರಿಗಳಿಗೊಂದು ಬಹಿರಂಗ ಪತ್ರ: ಅಡ್ಮಿಟ್ ಆದ ದಿನ ಒಂದು ಹಾಳೆ ಕೊಡ್ಸಿ ಸ್ವಾಮಿ

ಮಾನ್ಯ ಆರೋಗ್ಯ ಮಂತ್ರಿಗಳೇ,

ನಮಸ್ಕಾರ. ಮೂರು ವರ್ಷದಲ್ಲಿ ಅಪ್ಪನ ಜೊತೆ ಐದು ಸಲ ಆಸ್ಪತ್ರೇಲಿ ಮಲಗಿದೀನಿ. ಮಲಗಿದೀನಿ ಅಂದ್ರೆ ಬೆಡ್ ಮೇಲಲ್ಲ, ಪಕ್ಕದ ಸ್ಟೂಲ್ ಮೇಲೆ ಕೂತು ಗೋಡೆಗೆ ತಲೆ ಕೊಟ್ಟು. ಇಷ್ಟು ದಿನ ಸುಮ್ನಿದ್ದೆ. ಡಾಕ್ಟ್ರಿಗೆ ಕೆಲಸ ಜಾಸ್ತಿ, ನರ್ಸ್‌ಗಳು ಪಾಪ ಊಟಕ್ಕೂ ಹೋಗದೆ ಓಡಾಡ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೆ. ಆದ್ರೆ ಹೋದ ತಿಂಗಳು ಆಗಿದ್ದನ್ನ ನುಂಗ್ಕೊಳ್ಳೋಕೆ ಆಗ್ತಿಲ್ಲ.

ಅಪ್ಪಂಗೆ ಹರ್ನಿಯಾ ಆಪರೇಷನ್ ಇತ್ತು. ಹಿಂದಿನ ದಿನಾನೇ ಅಡ್ಮಿಟ್ ಮಾಡ್ಕೊಂಡ್ರು, ಏಳೆಂಟು ಕಡೆ ಸೈನ್ ಹಾಕಿಸ್ಕೊಂಡ್ರು, ಯಾವುದಕ್ಕೆ ಅಂತ ಕೇಳಿದ್ರೆ 'ಎಲ್ಲಾರೂ ಹಾಕ್ತಾರೆ, ಹಾಕಿ' ಅಂದ್ರು. ರಾತ್ರಿ ಹತ್ತಕ್ಕೆ ಯಾರೋ ಬಂದು ಮಂಚದ ತಲೆ ಕಡೆ ಒಂದು ರಟ್ಟು ಸಿಕ್ಕಿಸಿ ಹೋದ್ರು. ಕೆಂಪು ಇಂಕಲ್ಲಿ ಮೂರು ಇಂಗ್ಲಿಷ್ ಅಕ್ಷರ: ಎನ್‌ಪಿಓ. ನಾನು ಅದನ್ನ ಯಾವುದೋ ಡಾಕ್ಟ್ರ ಇನಿಷಿಯಲ್ ಅನ್ಕೊಂಡೆ. ನಗ್ಬೇಡಿ, ನಿಜವಾಗ್ಲೂ ಹಂಗೇ ಅನ್ಕೊಂಡೆ. ಬೆಳಗ್ಗೆ ಐದೂವರೆಗೆ ಅಪ್ಪ ಗಂಟಲು ಒಣಗ್ತಿದೆ ಕಣೋ ಅಂದ್ರು, ಕೆಳಗೆ ಹೋಗಿ ಅರ್ಧ ಲೋಟ ಹಾಲು ತಂದು ಕುಡಿಸ್ದೆ. ಎಂಟಕ್ಕೆ ಅನಸ್ತೇಷಿಯಾ ಡಾಕ್ಟ್ರು, ಅಂದ್ರೆ ಆಪರೇಷನ್ನಿಗೆ ಪ್ರಜ್ಞೆ ತಪ್ಸೋ ಡಾಕ್ಟ್ರು, ಬಂದು ಏನಾದ್ರೂ ತಗೊಂಡ್ರಾ ಅಂತ ಕೇಳಿದ್ರೆ, ಅಪ್ಪ ಏನೋ ಸಾಧನೆ ಮಾಡಿದವರ ಥರ 'ಏನೂ ತಿಂದಿಲ್ಲ ಸಾರ್, ಬರೀ ಹಾಲು' ಅಂದ್ರು.

ಆಪರೇಷನ್ ಕ್ಯಾನ್ಸಲ್. ಮುಂದಿನ ಡೇಟು ಹನ್ನೊಂದು ದಿನ ಬಿಟ್ಟು.

ಕ್ಯಾನ್ಸಲ್ ಮಾಡಿದ್ದು ತಪ್ಪಲ್ಲ, ಅದು ಆಮೇಲೆ ಗೊತ್ತಾಯ್ತು. ಪ್ರಜ್ಞೆ ತಪ್ಸಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ ಅಂತೆ, ಹಾಲನ್ನ ಊಟದ ಲೆಕ್ಕಕ್ಕೇ ಹಿಡಿದು 6 ಗಂಟೆ ಬಿಡಬೇಕಂತೆ. ಸರಿ. ಇದನ್ನ ಹಿಂದಿನ ರಾತ್ರಿ ಬಾಯಿಬಿಟ್ಟು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ, ಬದಲಿಗೆ ವಾರ್ಡಲ್ಲಿ ಎಲ್ಲರ ಮುಂದೆ 'ಬೋರ್ಡ್ ಹಾಕಿದೀವಲ್ರೀ, ಓದೋಕೆ ಬರಲ್ವಾ' ಅಂತ ಬೈಸ್ಕೊಂಡೆ. ಓದೋಕೆ ಬರತ್ತೆ. ಲ್ಯಾಟಿನ್ ಬರಲ್ಲ. ಎನ್‌ಪಿಓ ಅಂದ್ರೆ 'ನಿಲ್ ಪರ್ ಓಸ್', ಬಾಯಿಂದ ಏನೂ ಕೊಡಬಾರದು ಅಂತ. 'ಏನೂ ತಿನ್ನಬೇಡಿ ಕುಡಿಯಬೇಡಿ' ಅಂತ ಬರೆಯೋಕೆ ಆ ರಟ್ಟಲ್ಲಿ ಜಾಗ ಬೇಕಾದಷ್ಟಿತ್ತು.

ಇನ್ನೂ ಹೊಟ್ಟೆ ಉರಿಯೋದು ಎರಡನೇ ಸಲದ್ದು. ಹೆದರಿಕೊಂಡು ಹಿಂದಿನ ಸಂಜೆಯಿಂದಾನೇ ಅಪ್ಪಂಗೆ ಏನೂ ಕೊಡ್ಲಿಲ್ಲ, ನೀರೂ ಕೊಡ್ಲಿಲ್ಲ. ಒಳಗೆ ಕರ್ಕೊಂಡು ಹೋಗೋ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಒಂದು ಗುಟುಕು ಕೊಡೋ ಅಂತ ಅಪ್ಪ ಕೇಳ್ತಾನೇ ಇದ್ರು, ತುಟಿ ಬಿರಿದು ಬೆಳ್ಳಗಾಗಿತ್ತು, ನಾನು ಮುಖ ಆ ಕಡೆ ತಿರುಗಿಸ್ಕೊಂಡು ಕೂತಿದ್ದೆ. ಆಮೇಲೆ ಇನ್ನೊಬ್ರು ಡಾಕ್ಟ್ರು ಹೇಳಿದ್ರು, ಇಂಥ ಆಪರೇಷನ್ನಿಗೆ ಬರೀ ನೀರಾದ್ರೆ ಸಾಮಾನ್ಯವಾಗಿ 2 ಗಂಟೆ ಮುಂಚೆ ತನಕ ಕೊಡಬಹುದಿತ್ತಂತೆ. ಅವತ್ತು ಸ್ಟೂಲ್ ಮೇಲೆ ಕೂತು ಅತ್ತುಬಿಟ್ಟೆ ಸ್ವಾಮಿ, ನಲವತ್ತು ದಾಟಿದವನು.

ಅದಕ್ಕೇ ಕೇಳ್ತಿರೋದು, ಏನು ಮಾಡ್ಬೇಕು ಏನು ಮಾಡ್ಬಾರದು ಅಂತ ಬರೆದಿರೋ ಒಂದು ಹಾಳೆ ಕೊಡ್ಸಿ. ಅಡ್ಮಿಟ್ ಆದ ದಿನ, ಪೇಷೆಂಟಿಗೆ ಅರ್ಥ ಆಗೋ ಭಾಷೇಲಿ, ದೊಡ್ಡ ಅಕ್ಷರದಲ್ಲಿ. ಹೊಸ ಕಟ್ಟಡ ಬೇಡ, ಹೊಸ ಮಿಷನ್ ಬೇಡ. ಪೇಷೆಂಟಿನ ಹಕ್ಕುಗಳು, ಕನ್ಸೆಂಟು, ರೂಲ್ಸು ಎಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಂಥ ಜೊತೆಗಿರೋರಿಗೆ ಏನೇನು ಗೊತ್ತಿರಲ್ಲ ಅಂತ ನಿಮಗೆ ಅಂದಾಜಿಲ್ಲ ಅನ್ಸತ್ತೆ. ಪಕ್ಕದ ಬೆಡ್ ಅಜ್ಜಿ ಮಗ, ಡ್ರಿಪ್ ನಿಧಾನ ಆಯ್ತು ಅಂತ ಪೈಪಲ್ಲಿರೋ ಚಕ್ರ ತಾನೇ ತಿರುಗಿಸ್ಬಿಟ್ಟ, ಬೇಗ ಮುಗಿದ್ರೆ ಬೇಗ ಮನೆಗೆ ಅಂತ ಅವನ ಲೆಕ್ಕ. ನಾನೇನು ಕಮ್ಮಿ? ಅಪ್ಪನ್ನ ವೀಲ್‌ಚೇರಲ್ಲಿ ಕೂರಿಸಿ ಯೂರಿನ್ ಬ್ಯಾಗ್‌ನ ಅವರ ತೊಡೆ ಮೇಲೇ ಇಟ್ಟು ತಳ್ಕೊಂಡು ಹೋದೆ, ಅದು ಯಾವಾಗ್ಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ದಿದ್ರೆ ವಾಪಸ್ ಹರಿದು ಇನ್‌ಫೆಕ್ಷನ್ ಆಗತ್ತೆ ಅಂತ ಆಮೇಲೆ ಗೊತ್ತಾಯ್ತು. ಮನೆಯಿಂದ ತಂದ ಬಿಪಿ ಮಾತ್ರೆ ನಾವೂ ಕೊಟ್ವಿ, ವಾರ್ಡಲ್ಲಿ ಅವರೂ ಕೊಟ್ರು, ಅಪ್ಪಂಗೆ ತಲೆ ತಿರುಗಿ ಬಾತ್‌ರೂಮ್ ಬಾಗಿಲಲ್ಲೇ ಕುಸಿದ್ರು. ಎಲ್ಲ ಮಾತ್ರೇನೂ ಮೊದಲೇ ತೋರ್ಸಿ, ನೀವಾಗಿ ಕೊಡಬೇಡಿ ಅಂತ ಒಂದು ಸಾಲು ಆ ಹಾಳೇಲಿ ಇದ್ದಿದ್ರೆ?

ಇನ್ನು ನೋಡೋಕೆ ಬರೋರು. ಕೆಮ್ಮು ನೆಗಡಿ ಇಟ್ಕೊಂಡು ಬರ್ತಾರೆ, ಬೆಡ್ ಮೇಲೇ ಕೂರ್ತಾರೆ, ಒಬ್ರ ಹಿಂದೆ ಒಬ್ರು. ತಪ್ಪು ಅವರದ್ದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಗೇಟಲ್ಲಿ ಟೈಮ್ ಆಯ್ತು ಹೊರಗೆ ನಡೀರಿ ಅನ್ನೋ ಸೆಕ್ಯುರಿಟಿ ಬಿಟ್ರೆ ಅವರಿಗೆ ಯಾರು ಏನು ಹೇಳ್ತಾರೆ? ಕೈ ತೊಳ್ಕೊಂಡು ಪೇಷೆಂಟ್ ಮುಟ್ಟಿ ಅಂತ 1847ರಲ್ಲೇ ವಿಯೆನ್ನಾದ ಹೆರಿಗೆ ವಾರ್ಡಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟ್ರು ಸಾವು ಕಮ್ಮಿ ಮಾಡಿ ತೋರ್ಸಿದ್ರಂತೆ, ರಾತ್ರಿ ನಿದ್ದೆ ಬರದೆ ಮೊಬೈಲಲ್ಲಿ ಓದ್ದೆ. ನಮ್ಮ ವಾರ್ಡ್ ಬಾಗಿಲಲ್ಲಿ ಸ್ಯಾನಿಟೈಸರ್ ಬಾಟ್ಲು ಇತ್ತು, ನಾಲ್ಕು ದಿನ ಒತ್ತಿದೆ, ನಾಲ್ಕು ದಿನಾನೂ ಗಾಳಿ ಬಂತು. ನಿಮ್ಮ ಫೋಟೋ ಇರೋ ಬೋರ್ಡ್ ಮಾತ್ರ ಪ್ರತಿ ಮಹಡೀಲೂ ಇದೆ, ಅದರಲ್ಲಿ ಬರೆದಿರೋದು ಎಲ್ಲಾರಿಗೂ ಅರ್ಥ ಆಗತ್ತೆ, ಲ್ಯಾಟಿನ್ ಇಲ್ಲ.

ಡಿಸ್ಚಾರ್ಜ್ ದಿನಾನೂ ಅಷ್ಟೇ. ಹೊಲಿಗೆ ಯಾವಾಗ ಬಿಚ್ಬೇಕು, ಭಾರ ಎಷ್ಟು ದಿನ ಎತ್ತಬಾರದು, ಜ್ವರ ಬಂದ್ರೆ ಅಥವಾ ಗಾಯ ಕೆಂಪಾದ್ರೆ ಯಾರಿಗೆ ಫೋನ್ ಮಾಡ್ಬೇಕು, ಇದೆಲ್ಲ ಲಿಫ್ಟ್ ಬಾಗಿಲು ಮುಚ್ಕೊಳ್ಳೋ ಹೊತ್ತಲ್ಲಿ ಹೇಳಿದ್ರೆ ಯಾರ ತಲೇಲಿ ಉಳಿಯತ್ತೆ. ಅದನ್ನೂ ಹಾಳೆ ಹಿಂಭಾಗದಲ್ಲಿ ಬರ್ಸಿ. ಒಂದು ಹಾಳೆ, ಎರಡು ಕಡೆ. ಒಂದೇ ಹಾಳೆ ಸ್ವಾಮಿ.

ಅಪ್ಪಂಗೆ ಇನ್ನೊಂದು ಕಡೇನೂ ಹರ್ನಿಯಾ ಶುರುವಾಗಿದೆಯಂತೆ, ಎರಡು ತಿಂಗಳಲ್ಲಿ ಮತ್ತೆ ಅಡ್ಮಿಟ್. ಅಷ್ಟರೊಳಗೆ ಹಾಳೆ ಬಂದ್ರೆ ಬಂತು. ಬರ್ಲಿಲ್ಲ ಅಂದ್ರೆ ನಾನೇ ಬರ್ದು, ವಾರ್ಡಿನ ಡಾಕ್ಟ್ರ ಹತ್ರ ಓದ್ಸಿ, ಜೆರಾಕ್ಸ್ ಮಾಡ್ಸಿ ಬೆಡ್ ಬೆಡ್‌ಗೂ ಹಂಚ್ತೀನಿ. ಪರ್ಮಿಷನ್ ಇಲ್ದೆ ಹಂಚಿದ ಅಂತ ಆಮೇಲೆ ನೋಟಿಸ್ ಕಳಿಸೋದಾದ್ರೆ, ದಯವಿಟ್ಟು ಅದನ್ನಾದ್ರೂ ನಮಗೆ ಅರ್ಥ ಆಗೋ ಭಾಷೇಲಿ ಕಳಿಸಿ.

ಇಂತಿ,
ಬೆಡ್ ಪಕ್ಕದ ಸ್ಟೂಲಿನವನು