ಸಪೋರ್ಟ್ ಕರೆಗಳು ಇನ್ನು ನೇರ ವಿಕಿಗೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನೀವು ಕರೆಗೆ ಟ್ಯಾಗ್ ಹಾಕಿದ ಕೂಡಲೇ ಫೋನ್ ಸಿಸ್ಟಮ್ ಒಂದು ವೆಬ್‌ಹುಕ್ (ತಾನಾಗಿಯೇ ಹೋಗುವ ಸೂಚನೆ) ಕಳಿಸುತ್ತದೆ. ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸುವ ಝೇಪಿಯರ್ ಅದನ್ನು ಹಿಡಿದು ನಮ್ಮ ವಿಕಿಯಾದ ಕಾನ್‌ಫ್ಲುಯೆನ್ಸ್‌ನಲ್ಲಿ ಹೊಸ ಪುಟ ತೆರೆಯುತ್ತದೆ. ಟ್ಯಾಗ್ ಇಲ್ಲದಿದ್ದರೆ ಪುಟವೂ ಇಲ್ಲ. ಹಾಗಾಗಿ ಫೋನ್ ಇಟ್ಟ ತಕ್ಷಣ 'ಬಿಲ್ಲಿಂಗ್', 'ಡೆಲಿವರಿ' ಅಥವಾ 'ರಿಪೇರಿ' ಒತ್ತಿಬಿಡಿ.

ಪುಟದಲ್ಲಿ ಬರುವ ಸಮಯ ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಬೆಳಿಗ್ಗೆ 10ರ ಕರೆ 4:30 ಅಂತ ಕಾಣುತ್ತದೆ, ಗಾಬರಿ ಬೇಡ.

ಗ್ರಾಹಕರ ನಂಬರ್ ಪುಟಕ್ಕೆ ಬರುವುದಿಲ್ಲ, ನೀವೂ ದಯವಿಟ್ಟು ಬರೆಯಬೇಡಿ. ವಿಕಿಯನ್ನು ಇಡೀ ಕಂಪನಿ ನೋಡುತ್ತದೆ, ಗ್ರಾಹಕರು ನಂಬರ್ ಕೊಟ್ಟಿದ್ದು ನಮ್ಮನ್ನು ನಂಬಿ ಅಲ್ವಾ? ಸಮಸ್ಯೆ ಹೇಗೆ ಸರಿಹೋಯಿತು ಅಂತ ಎರಡು ಸಾಲು ಮಾತ್ರ ಸೇರಿಸಿ. ಮುಂದಿನ ಶಿಫ್ಟಿನವರು ಅದೇ ಗ್ರಾಹಕರನ್ನು ಮೊದಲಿಂದ ಕೇಳುವುದು ತಪ್ಪುತ್ತದೆ.

ಪುಟ ಬಾರದಿದ್ದರೆ ಕರೆಯ ಸಮಯವನ್ನು ಈ ಸಂದೇಶಕ್ಕೆ ಉತ್ತರವಾಗಿ ಇಲ್ಲೇ ಹಾಕಿ.